ಕಂಪ್ಯೂಟರಿನ ಪಾಲುಪಟ್ಟಿ

ಭಾನುವಾರ ಬೆಳಿಗ್ಗೆ ಪುಟ್ಟಿಯ ಅಮ್ಮ ಬಾಲ್ಕನಿಯಲ್ಲಿ ಬಟ್ಟೆ ಒಣಹಾಕುತ್ತಿದ್ದಳು. ಬಾಯಲ್ಲಿ ನಾಲ್ಕು ಕ್ಲಿಪ್ಪು, ಹೆಗಲ ಮೇಲೆ ಗಂಡನ ಎರಡು ಪ್ಯಾಂಟು, ಕೈಯಲ್ಲಿ ಹಿಂಡಿ ಹಿಂಡಿ ಹಗ್ಗದಂತಾದ ಹೊದಿಕೆ. ಆಗ ನಡುಮನೆಯಿಂದ ಮೈದುನನ ದನಿ ಕೇಳಿಸಿತು.

"ಅತ್ತಿಗೇ, ನಿಮ್ಮ ಕಂಪ್ಯೂಟರ್ ತುಂಬಾ ಸ್ಲೋ ಆಗಿದೆ. ಹಳೇ ಸಿಸ್ಟಂ ಕಿತ್ತುಹಾಕಿ ಹೊಸಾದು ಹಾಕ್ತಾ ಇದೀನಿ!"

ಬಾಯಲ್ಲಿ ಕ್ಲಿಪ್ಪು ಕಚ್ಚಿಕೊಂಡು "ಬೇಡ" ಅನ್ನುವುದಕ್ಕೆ ಆಗುವುದಿಲ್ಲ. ನಾಲ್ಕನ್ನೂ ಬಕೆಟ್ಟಿಗೆ ಉಗುಳಿ, ಪ್ಯಾಂಟು ಹೆಗಲ ಮೇಲಿದ್ದ ಹಾಗೇ ಅವಳು ಒಳಗೆ ಓಡಿದಳು. ಬಾಗಿಲಲ್ಲಿ ಪುಟ್ಟಿ ನೋಟ್‌ಬುಕ್ಕು ಹಿಡಿದು ಅಡ್ಡ ನಿಂತಿದ್ದಳು.

"ಅಮ್ಮಾ, ಒಂದ್ ಕೇಳ್ಲಾ? ಹೋಮ್‌ವರ್ಕು."

"ಆಮೇಲೆ ಕಂದಾ."

ಅವಳ ಅವಸರಕ್ಕೆ ಕಾರಣವಿತ್ತು. ಹತ್ತಿರದ ಆಸ್ಪತ್ರೆಯ ನಲವತ್ತೆರಡು ನರ್ಸುಗಳಿಗೆ ತಿಂಗಳ ಪಾಳಿಪಟ್ಟಿ ಮಾಡಿಕೊಡುವುದು ಅವಳ ಕೆಲಸ. ಬೆಳಗಿನ ಪಾಳಿಗೆ ಹಳದಿ, ಮಧ್ಯಾಹ್ನಕ್ಕೆ ಹಸಿರು, ರಾತ್ರಿಗೆ ನೀಲಿ. ಯಾರಿಗೆ ಯಾವತ್ತು ರಜೆ ಬೇಕು ಎಂಬ ಚೀಟಿಗಳ ಕಂತೆ ಆಸ್ಪತ್ರೆಯಿಂದ ಬರುತ್ತಿತ್ತು. ಒಬ್ಬಳ ಮಗುವಿಗೆ ಲಸಿಕೆ, ಇನ್ನೊಬ್ಬಳ ಗಂಡನಿಗೆ ಆಪರೇಷನ್ನು. ಎಲ್ಲರ ಅನುಕೂಲ ನೋಡಿ, ಯಾವ ವಾರ್ಡೂ ಖಾಲಿ ಬೀಳದ ಹಾಗೆ ಹೊಂದಿಸುವುದರಲ್ಲಿ ಅವಳದು ಎತ್ತಿದ ಕೈ. ಏಳು ವರ್ಷ ಮನೆಯಲ್ಲೇ ಇದ್ದು, ಕೊನೆಗೆ ತನ್ನದು ಅಂತ ಸಿಕ್ಕಿದ ಕೆಲಸ ಅದೊಂದೇ. ಕಂಪ್ಯೂಟರನ್ನೂ ಅದಕ್ಕೆಂದೇ ಕೊಂಡಿದ್ದಳು.

ಹೋದ ತಿಂಗಳು ಪಟ್ಟಿ ಒಂದು ದಿನ ತಡವಾಗಿತ್ತು. ದೊಡ್ಡ ಸಿಸ್ಟರ್ ಫೋನಿನಲ್ಲಿ ಖಡಾಖಂಡಿತ ಹೇಳಿದ್ದರು: "ಈ ಸಲ ಭಾನುವಾರ ನಾಲ್ಕು ಗಂಟೆ. ಒಂದು ನಿಮಿಷ ಆಚೀಚೆ ಆದ್ರೂ ಬೇರೆಯವರನ್ನ ನೋಡ್ಕೋತೀನಿ." ಪಟ್ಟಿ ಮುಕ್ಕಾಲು ಮುಗಿದಿತ್ತು. ಇನ್ನೊಂದೆರಡು ಗಂಟೆಯ ಕೆಲಸ.

"ಮುಟ್ಟಬೇಡ! ನನ್ನ ಪಟ್ಟಿ ಇದೆ ಅದ್ರಲ್ಲಿ!" ಎಂದು ಅವಳು ಕೂಗಿದಳು.

ಮೈದುನ ಪೆನ್‌ಡ್ರೈವ್ ಸಿಕ್ಕಿಸಿ ಕುರ್ಚಿಯಲ್ಲಿ ಕಾಲು ಮಡಚಿ ಕೂತಿದ್ದ. "ಪಟ್ಟಿಗೇನೂ ಆಗಲ್ಲ ಅತ್ತಿಗೆ. ಈ ಹೊಸಾ ಸಿಸ್ಟಂ ಪುಕ್ಕಟೆ, ವೈರಸ್ ಹತ್ರಾನೂ ಸುಳಿಯಲ್ಲ. ಬಾಣದ ಹಾಗೆ ಓಡುತ್ತೆ."

ಪೇಪರಿನ ಹಿಂದಿನಿಂದ ಗಂಡನ ತಲೆ ಎದ್ದಿತು. "ಪುಕ್ಕಟೆ ಅಂದ್ರೆ ಸಾಕು, ನಿಂಗೆ ವಿಷಾನೂ ಆಗುತ್ತೆ. ನಮ್ಮ ಇಡೀ ಆಫೀಸು ಹಳೇ ಸಿಸ್ಟಂನಲ್ಲೇ ನಡೀತಿದೆ. ನಾವೇನು ದಡ್ಡರಾ?"

"ನಾನು ಹಾಗೆ ಹೇಳಲಿಲ್ಲ ಅಣ್ಣ. ನೀನೇ ಹೇಳ್ದೆ."

ಎರಡೇ ನಿಮಿಷಕ್ಕೆ ಮನೆ ರಣರಂಗವಾಯಿತು. ಗಂಡನಿಗೆ ಹಳೆಯದರ ಒಂದೇ ಒಂದು ಗುಣ ಗೊತ್ತಿತ್ತು, ಅದು ತನಗೆ ಗೊತ್ತಿದೆ ಎಂಬುದು. ಮೈದುನನಿಗೆ ಹೊಸದರ ಒಂದೇ ಒಂದು ಗುಣ ಗೊತ್ತಿತ್ತು, ಅದು ಅಣ್ಣನಿಗೆ ಗೊತ್ತಿಲ್ಲ ಎಂಬುದು. ನಡುವೆ ಅವಳು "ನಾಲ್ಕು ಗಂಟೆ... ನಾಲ್ಕು ಗಂಟೆ..." ಎನ್ನುತ್ತಿದ್ದಳು, ಯಾರೂ ಟಿಕೆಟ್ಟು ಕೇಳದ ಬಸ್ಸಿನಲ್ಲಿ ಕಂಡಕ್ಟರು ಅರಚಿದ ಹಾಗೆ.

ಗಲಾಟೆ ಕೇಳಿ ಮೇಲಿನ ಮನೆಯ ಇಂಜಿನಿಯರ್ ತಾತ ಇಳಿದು ಬಂದರು. ಜೀವಮಾನವೆಲ್ಲ ನೀರಿನ ಪಂಪು ನೋಡಿಕೊಂಡು ನಿವೃತ್ತರಾದವರು. ಕಂಪ್ಯೂಟರೂ ಒಂದು ಜಾತಿಯ ಪಂಪೇ ಎಂದು ನಂಬಿದವರು. ಇಬ್ಬರ ವಾದವನ್ನೂ ಕೇಳಿ, ಕನ್ನಡಕ ಒರೆಸಿ, ತೀರ್ಪು ಕೊಟ್ಟರು.

"ಜಗಳ ಯಾಕ್ರಯ್ಯಾ? ಎರಡೂ ಇರಲಿ. ಒಳಗಿನ ಡಿಸ್ಕಿಗೆ ನಡುವೆ ಒಂದು ಗೋಡೆ ಹಾಕಿ. ಆ ಕಡೆ ಅವನು, ಈ ಕಡೆ ಇವನು."

ಅಪ್ಪ ಸತ್ತ ಮೇಲೂ ಒಂದೇ ಮನೆಯಲ್ಲಿ ಒಂದೇ ಅಡುಗೆ ಉಂಡುಕೊಂಡಿದ್ದ ಅಣ್ಣತಮ್ಮಂದಿರು ಆ ಕ್ಷಣ ಪಾಲಿಗೆ ಕೂತರು. "ಅರ್ಧ ಅರ್ಧ." "ಅದು ಹೇಗಾಗುತ್ತೆ? ನಾನು ದೊಡ್ಡವನು." "ಹಂಗಾದ್ರೆ ಬೆಳಕಿನ ಕಡೆ ನಂಗಿರ್ಲಿ." ಡಿಸ್ಕಿನಲ್ಲಿ ಬೆಳಕಿನ ಕಡೆ ಯಾವುದು ಎಂದು ತಾತನೂ ಕೇಳಲಿಲ್ಲ.

"ಪಟ್ಟಿ ಕಳಿಸೋತನಕ ಆದ್ರೂ ತಡ್ಕೊಳ್ಳಿ!" ಎಂದಳು ಅವಳು. ಮೂವರೂ ಅವಳ ಕಡೆ ತಿರುಗಿ, "ಅರ್ಧ ಗಂಟೆ ಅಷ್ಟೇ" ಎಂದರು. ಮೂವರು ಗಂಡಸರು ಒಂದೇ ಮಾತು ಆಡಿದ್ದು ಆ ದಿನ ಅದೊಂದೇ ಸಲ.

ಅರ್ಧ ಗಂಟೆ ಎಂದದ್ದು ಹನ್ನೊಂದೂವರೆಗೆ ಮುಗಿಯಿತು. ಕಂಪ್ಯೂಟರ್ ಈಗ ಆನ್ ಆದ ಕೂಡಲೇ, ಹಳೆಯದೋ ಹೊಸದೋ ಎಂದು ಕೇಳುತ್ತಿತ್ತು. ಹತ್ತು ಸೆಕೆಂಡಿನಲ್ಲಿ ಯಾರೂ ಉತ್ತರ ಕೊಡದಿದ್ದರೆ ತಾನೇ ಹೊಸದಕ್ಕೆ ಹೋಗುತ್ತಿತ್ತು. ಅದು ಮೈದುನನ ಕೈಚಳಕ.

"ನೋಡಿ ಅತ್ತಿಗೆ, ನಿಮ್ಮ ಪಟ್ಟಿ ಇಲ್ಲೂ ತೆರೆಯುತ್ತೆ!" ಎಂದು ಅವನು ಹೊಸದರಲ್ಲಿ ಪಟ್ಟಿ ತೆರೆದು ಉಳಿಸಿಯೂ ಬಿಟ್ಟ.

ಅವಳು ನೋಡಿದಳು. ಬಣ್ಣಗಳೆಲ್ಲ ಬೂದಿಯಾಗಿದ್ದವು. ಪಟ್ಟಿಯ ಮನೆಗಳೆಲ್ಲ ಒಂದೊಂದು ಪಕ್ಕಕ್ಕೆ ಜರುಗಿ, ನಲವತ್ತೆರಡು ನರ್ಸುಗಳಿಗೂ ಒಂದೇ ಮಂಗಳವಾರ ರಜೆ ಸಿಕ್ಕಿತ್ತು. ಆ ದಿನ ಆಸ್ಪತ್ರೆಯಲ್ಲಿ ರೋಗಿಗಳೇ ಒಬ್ಬರಿಗೊಬ್ಬರು ಇಂಜೆಕ್ಷನ್ ಚುಚ್ಚಿಕೊಳ್ಳಬೇಕು.

ಅವಳಿಗೆ ಮೈಯೆಲ್ಲ ಉರಿಯಿತು. ಆದರೂ ಹಲ್ಲು ಕಚ್ಚಿ, ಎಲ್ಲರನ್ನೂ ಎಬ್ಬಿಸಿ, ಹಳೆಯ ಸಿಸ್ಟಂ ತೆರೆದು ಕೂತು ಒಂದೊಂದೇ ಮನೆ ಸರಿಮಾಡತೊಡಗಿದಳು. ಹತ್ತೊಂಬತ್ತನೆಯ ಹೆಸರಿಗೆ ಬಂದಾಗ ಅಡುಗೆಮನೆಯಲ್ಲಿ ಹಾಲು ಉಕ್ಕಿದ ವಾಸನೆ ಬಂತು. ಓಡಿದಳು. ಒಲೆ ಆರಿಸಿ ತಿರುಗಿದರೆ ಪುಟ್ಟಿ.

"ಅಮ್ಮಾ, ಈಗ ಕೇಳ್ಲಾ?" ಅವಳ ಕೈಯಲ್ಲಿ ರಬ್ಬರು, ಬೆರಳ ತುದಿಯೆಲ್ಲ ಕಪ್ಪು.

"ಅಪ್ಪನ್ನ ಕೇಳು ಚಿನ್ನಾ."

"ಕೇಳ್ದೆ. ಚಿಕ್ಕಪ್ಪನ್ನೂ ಕೇಳ್ದೆ. ತಾತನ್ನೂ. ಎಲ್ರೂ ಬೇರೆ ಬೇರೆ ಹೇಳ್ತಾರೆ."

"ಐದೇ ನಿಮಿಷ ಬಂಗಾರಾ," ಎಂದು ತಲೆ ಸವರಿ ನಡುಮನೆಗೆ ಬಂದರೆ ಕುರ್ಚಿಯಲ್ಲಿ ಗಂಡ ಕೂತಿದ್ದ. ತೆರೆಯ ಮೇಲೆ ಅವಳ ಪಟ್ಟಿ ಇರಲಿಲ್ಲ.

"ಇಲ್ಲಿದ್ದದ್ದು ಏನಾಯ್ತು ರೀ?"

"ಅದಾ? ಹತ್ತು ಸೆಕೆಂಡಿಗೆ ಹಳೇದೇ ಬರೋ ಹಾಗೆ ಮಾಡ್ಬೇಕಿತ್ತು. ಅದಕ್ಕೆ ರೀಸ್ಟಾರ್ಟ್ ಮಾಡ್ದೆ. ನೀನು ಸೇವ್ ಮಾಡಿರ್ಲಿಲ್ವಾ?"

"ಹಾಲು ಉಕ್ತಾ ಇತ್ತು!"

"ಹಾಲಿಗೂ ಸೇವ್‌ಗೂ ಏನೇ ಸಂಬಂಧ?"

ಅವಳ ಕೋಪ ಆಗ ಬಟ್ಟೆ ಒಗೆಯುವ ಯಂತ್ರ ಕೊನೆಯ ಸುತ್ತು ಹಿಂಡುವಾಗಿನ ಹಾಗಿತ್ತು. ನಿಂತಲ್ಲೇ ಮೈ ನಡುಗುತ್ತಿತ್ತು, ಕಾಲು ಒಂದೊಂದು ಅಂಗುಲ ಮುಂದೆ ಸರಿಯುತ್ತಿತ್ತು. ಫೋನು ಬಡಿದುಕೊಂಡಿತು. ದೊಡ್ಡ ಸಿಸ್ಟರ್.

"ಆಯ್ತೇನಮ್ಮಾ?"

"ಆಗ್ತಾ ಇದೆ ಸಿಸ್ಟರ್," ಎಂದಳು, ಮಗುವನ್ನು ಮಲಗಿಸುವ ದನಿಯಲ್ಲಿ. ಫೋನಿಟ್ಟು ತಿರುಗುವಷ್ಟರಲ್ಲಿ ಇಂಜಿನಿಯರ್ ತಾತ ಕುರ್ಚಿಯಲ್ಲಿದ್ದರು.

"ಗೋಡೆ ಸ್ವಲ್ಪ ಓರೆಯಾಗಿದೆ ಕಣಮ್ಮ. ಚಿಕ್ಕವನ ಕಡೆ ಜಾಗ ಸಾಲದು. ಒಂಚೂರು ಆ ಕಡೆ ಸರಿಸ್ದೆ."

ತೆರೆಯ ಮೇಲೆ ಒಂದು ಪಟ್ಟೆ ಇರುವೆಯ ವೇಗದಲ್ಲಿ ತೆವಳುತ್ತಿತ್ತು. ಕೆಳಗೆ ಬರೆದಿತ್ತು: ಡಿಸ್ಕ್ ಜರುಗಿಸಲಾಗುತ್ತಿದೆ. ಉಳಿದ ಸಮಯ ಐದು ಗಂಟೆ. ಆಫ್ ಮಾಡಬೇಡಿ.

ಆಗ ಗಡಿಯಾರದಲ್ಲಿ ಒಂದೂ ಕಾಲು.

"ಏಳ್ರಿ," ಎಂದಳು ಅವಳು. ಮೆಲ್ಲಗೇ ಹೇಳಿದಳು. ಆದರೆ ತಾತನ ಜೊತೆ, ಆಚೀಚೆ ಕೂತಿದ್ದ ಇನ್ನಿಬ್ಬರೂ ಎದ್ದು ನಿಂತರು. "ಎಲ್ರೂ ಹೊರಗೆ ಹೋಗಿ. ಯಾವನಾದ್ರೂ ನಾಲ್ಕು ಗಂಟೆ ಒಳಗೆ ಈ ಕೋಣೆಗೆ ಕಾಲಿಟ್ರೆ, ಬಾಲ್ಕನಿ ಹಗ್ಗಕ್ಕೆ ಕ್ಲಿಪ್ಪು ಹಾಕಿ ನೇತುಹಾಕ್ತೀನಿ. ಪ್ಯಾಂಟಿನ ಪಕ್ಕದಲ್ಲೇ."

ಪ್ಯಾಂಟು ಇನ್ನೂ ಅವಳ ಹೆಗಲ ಮೇಲೇ ಇತ್ತು. ಮೂವರೂ ನಗದೆ ಹೊರಗೆ ನಡೆದರು.

ಪುಟ್ಟಿಯ ಹಳೆಯ ಗಣಿತದ ಪುಸ್ತಕದಿಂದ ಚೌಕುಳಿ ಹಾಳೆಗಳನ್ನು ಕಿತ್ತು, ಅಂಟಿಸಿ, ಊಟದ ಮೇಜಿನ ತುಂಬ ಹರಡಿದಳು. ಚೀಟಿಗಳ ಕಂತೆ ಬಿಚ್ಚಿದಳು. ಪುಟ್ಟಿ ತನ್ನ ಬಣ್ಣದ ಪೆನ್ಸಿಲ್ ಡಬ್ಬಿ ತಂದಿಟ್ಟು, ಹಳದಿಯ ಮೊನೆ ಚೂಪು ಮಾಡಿಕೊಟ್ಟಳು. ನೋಟ್‌ಬುಕ್ಕು ಮುಂದೆ ಚಾಚಿದಳು, ಅಮ್ಮನ ಮುಖ ನೋಡಿ ಹಿಂದಕ್ಕೆ ಎಳೆದುಕೊಂಡಳು.

ನಾಲ್ಕಕ್ಕೆ ಆರು ನಿಮಿಷ ಇರುವಾಗ ನಲವತ್ತೆರಡನೆಯ ಹೆಸರು ಮುಗಿಯಿತು. ಫೋನಿನಲ್ಲಿ ಫೋಟೋ ಹೊಡೆದು ಕಳಿಸಿದಳು. ನಾಲ್ಕಕ್ಕೆ ಸರಿಯಾಗಿ ಫೋನು ಬಂತು. ಪೆನ್ಸಿಲ್ ಹಿಡಿದ ಕೈಯಲ್ಲೇ ಎತ್ತಿಕೊಂಡಳು.

"ಎಷ್ಟು ಚೆನ್ನಾಗಿದೆಯಮ್ಮಾ!" ಎಂದರು ದೊಡ್ಡ ಸಿಸ್ಟರ್. "ನನ್ನ ಕಣ್ಣಿಗೂ ಕಾಣ್ತಿದೆ. ಅದ್ಯಾವುದೋ ಕಂಪ್ಯೂಟರ್ ಪಟ್ಟಿಗಿಂತ ನೂರು ಪಾಲು ವಾಸಿ. ಇನ್ಮೇಲೆ ಪ್ರತಿ ತಿಂಗಳೂ ಹೀಗೇ ಕೈಯಲ್ಲೇ ಬರೆದು ಕಳಿಸು. ಹಾಂ, ಹೆರಿಗೆ ವಾರ್ಡಿಂದೂ ನೀನೇ ಮಾಡು. ಅಲ್ಲಿ ಮೂವತ್ತು ಜನ ಇದಾರೆ."

ಕೆಲಸ ಉಳಿಯಿತು. ಕೈ ಮಾತ್ರ ಈಗಲೇ ಮರಗಟ್ಟಿತ್ತು.

ಬಾಗಿಲ ಸಂದಿಯಲ್ಲಿ ಕಿವಿಯಿಟ್ಟಿದ್ದ ಮೂವರೂ ಸಂಭ್ರಮದಿಂದ ಒಳಗೆ ಬಂದರು.

"ನೋಡಿದ್ಯಾ! ಎಲ್ಲಾ ಒಳ್ಳೇದಕ್ಕೇ ಆಯ್ತು," ಎಂದ ಗಂಡ. "ನಿಂಗಂತೂ ಕಂಪ್ಯೂಟರ್ ಬೇಡ ಅಂತಾಯ್ತು. ಹಾಗಾದ್ರೆ ನಂದಕ್ಕೆ ಆಫೀಸಿನ ಫೈಲೆಲ್ಲ ಹಾಕ್ಕೋತೀನಿ."

"ನಿಂದಕ್ಕೆ ಅಲ್ಲ, ನಿನ್ನ ಕಡೆಗೆ," ಎಂದು ಮೈದುನ ತಿದ್ದಿದ. "ನನ್ನ ಕಡೆ ನಂದು."

"ಗೋಡೆ ಕಟ್ಟಿದವನು ನಾನು ಅನ್ನೋದು ಮರೀಬೇಡಿ," ಎಂದರು ತಾತ. "ದಿನಾ ಒಂದು ಗಂಟೆ ನಾನೂ ಬಂದು ನೋಡ್ಕೋತೀನಿ."

ಯಾರು ಯಾವಾಗ ಕೂರಬೇಕು ಎಂದು ಮತ್ತೆ ಜಗಳ ಹತ್ತಿತು. ಮಿಕ್ಕಿದ್ದ ಒಂದು ಚೌಕುಳಿ ಹಾಳೆ ಎಳೆದುಕೊಂಡು ತಾವೇ ಪಾಳಿಪಟ್ಟಿ ಬರೆಯತೊಡಗಿದರು. ಅವಳು ನೋಡಬಾರದು ಎಂದುಕೊಂಡಳು. ಗೋಡೆಯ ಕಡೆ ಮುಖ ಮಾಡಿ ಕೂತಳು. ಆದರೂ ಓರೆಗಣ್ಣು ಆ ಕಡೆ ಹೋಯಿತು. ಸೋಮವಾರ ಬೆಳಿಗ್ಗೆ ಇಬ್ಬರು. ಬುಧವಾರ ಸಂಜೆ ಯಾರೂ ಇಲ್ಲ. ತಾತನಿಗೆ ಶುಕ್ರವಾರ ಎರಡೆರಡು ಸಲ.

ತಡೆಯಲಾಗಲಿಲ್ಲ. "ಕೊಡ್ರಿ ಇಲ್ಲಿ! ಒಂದು ಪಟ್ಟಿ ಮಾಡೋದಕ್ಕೂ ಬರಲ್ಲ!" ಎಂದು ಪೆನ್ಸಿಲ್ ಕಿತ್ತುಕೊಂಡು, ಬೈದುಕೊಳ್ಳುತ್ತ, ಎರಡೇ ನಿಮಿಷದಲ್ಲಿ ಇಡೀ ವಾರ ಹೊಂದಿಸಿಬಿಟ್ಟಳು. ಗಂಡನಿಗೆ ಹಳದಿ, ಮೈದುನನಿಗೆ ಹಸಿರು, ತಾತನಿಗೆ ನೀಲಿ. ಎಲ್ಲೂ ಘರ್ಷಣೆಯಿಲ್ಲ, ಒಂದು ಮನೆಯೂ ಖಾಲಿಯಿಲ್ಲ. ಗಂಡ ಅದನ್ನು ಕಂಪ್ಯೂಟರಿನ ಮೇಲಿನ ಗೋಡೆಗೆ ಅಂಟಿಸಿ ಎರಡು ಹೆಜ್ಜೆ ಹಿಂದೆ ನಿಂತು, "ಅಚ್ಚುಕಟ್ಟು ಕೆಲಸ," ಎಂದ.

ಪುಟ್ಟಿ ಬಂದು ಪಟ್ಟಿಯ ಮುಂದೆ ನಿಂತಳು. ಸೋಮವಾರದಿಂದ ಭಾನುವಾರದವರೆಗೆ ಬೆರಳಿಟ್ಟು ಓದಿದಳು. ಮತ್ತೆ ಮೊದಲಿಂದ ಓದಿದಳು. ಆಮೇಲೆ ಅಮ್ಮನ ತೊಡೆಯ ಮೇಲೆ ನೋಟ್‌ಬುಕ್ಕು ಬಿಚ್ಚಿಟ್ಟಳು.

ಮೇಲೆ ದುಂಡಗೆ ಬರೆದಿತ್ತು: ನಮ್ಮ ಮನೆಯ ಯಂತ್ರಗಳು, ಯಾವುದು ಯಾರದು? ಮಿಕ್ಸಿ: ಅಮ್ಮ. ಇಸ್ತ್ರಿ ಪೆಟ್ಟಿಗೆ: ಅಮ್ಮ. ಬಟ್ಟೆ ಒಗೆಯುವ ಯಂತ್ರ: ಅಮ್ಮ. ಇವನ್ನು ಅವಳು ಯಾರನ್ನೂ ಕೇಳದೆ ಬರೆದಿದ್ದಳು, ಒಂದು ತಿದ್ದೂ ಇರಲಿಲ್ಲ. ಕೊನೆಯ ಸಾಲಿನಲ್ಲಿ ಮಾತ್ರ ಬರೆದು ಅಳಿಸಿ, ಬರೆದು ಅಳಿಸಿ, ಹಾಳೆ ಸವೆದು ತೂತು ಬಿದ್ದಿತ್ತು.

ಮೂವರು ಗಂಡಸರೂ ಬಗ್ಗಿ ನೋಡಿದರು. ಪುಟ್ಟಿ ಪೆನ್ಸಿಲಿನ ತುದಿ ಕಚ್ಚಿಕೊಂಡು ಅಮ್ಮನ ಮುಖ ನೋಡಿದಳು.

"ಬೆಳಿಗ್ಗೆ ನಂಗೆ ಗೊತ್ತಿತ್ತು ಅಮ್ಮಾ. ಈಗ ಗೊತ್ತಾಗ್ತಿಲ್ಲ. ಕಂಪ್ಯೂಟರ್ ಯಾರ್ದು?"