ಈಜಿ ಬಂದ ಕಾರಿಗೆ ಡೊಂಬಿವಲಿಯಿಂದ ಒಂದು ವಿನಂತಿ

ನಮ್ಮ ಸೊಸೈಟಿಯ ನೀರಿನ ಟ್ಯಾಂಕಿನ ನೆರಳಿನಲ್ಲಿ ಹಗಲಿರುಳೂ ವಿರಾಜಮಾನರಾಗಿರುವ, ಥಾಣೆ ನೋಂದಣಿಯ, ಶ್ವೇತವರ್ಣದ, ಸೆಕೆಂಡ್ ಹ್ಯಾಂಡ್ ಕಾರಿನವರ ಸನ್ನಿಧಾನಕ್ಕೆ ಡೊಂಬಿವಲಿ ಪೂರ್ವದ ಹೋಟೆಲು ವ್ಯಾಪಾರಿ ವಿಷ್ಣುಮೂರ್ತಿಯ ಸಾಷ್ಟಾಂಗ ನಮಸ್ಕಾರಗಳು.

ಮಾನ್ಯರೇ,

ತಾವು ಕ್ಷೇಮವೆಂದು ನಂಬಿದ್ದೇನೆ. ತಮ್ಮನ್ನು ತಳ್ಳಿ ತಳ್ಳಿ ನನ್ನ ಸೊಂಟ ಮಾತ್ರ ಅಷ್ಟು ಕ್ಷೇಮವಾಗಿಲ್ಲ. ಈ ಪತ್ರವನ್ನು ತಮ್ಮ ವೈಪರಿಗೆ ಸಿಕ್ಕಿಸಿ ಸುಮ್ಮನಾಗದೆ ನಮ್ಮ ಕನ್ನಡ ಸಂಘದ ಪತ್ರಿಕೆಗೂ ಕಳಿಸುತ್ತಿರುವುದೇಕೆಂದರೆ, ಹಳೆ ಕಾರು ಕೊಳ್ಳಲು ಹೊರಟ ನಮ್ಮವರು ಯಾರಾದರೂ ಓದಿಕೊಳ್ಳಲಿ ಎಂದು.

ತಮ್ಮನ್ನು ತಂದದ್ದು ಷೋಕಿಗಲ್ಲ. ನನ್ನ ಹೆಂಡತಿ ವಾರಿಜಾಳ ಎರಡೂ ಮೊಣಕಾಲು ಸೋತಿವೆ. ಥಾಣೆ ಸ್ಟೇಷನ್ನಿನ ಸೇತುವೆ ಹತ್ತಿಳಿದು ನೆರೂಲಿನ ಗಾಡಿ ಹಿಡಿಯುವುದು ಅವಳಿಂದಾಗದು. ನೆರೂಲಿನಲ್ಲಿರುವ ಅವಳ ಒಬ್ಬಳೇ ತಂಗಿ ಜ್ಯೋತ್ಸ್ನಾ ಹಾಸಿಗೆ ಹಿಡಿದು ವರ್ಷವಾಗುತ್ತ ಬಂತು. ಅಕ್ಕತಂಗಿಯರು ದಿನವೂ ಫೋನಿನಲ್ಲಿ ಮಾತಾಡುತ್ತಾರೆ, ಫೋನಿಟ್ಟ ಮೇಲೆ ವಾರಿಜಾ ಒಗ್ಗರಣೆಯ ಹೊಗೆಯ ನೆಪ ಹೇಳಿ ಕಣ್ಣೊರೆಸಿಕೊಳ್ಳುತ್ತಾಳೆ. ಅದನ್ನು ನೋಡಲಾಗದೆ ಕಾರು ಕೊಳ್ಳಲು ಹೊರಟೆ.

ತೆಂಗಿನಕಾಯಿಯನ್ನು ಕಿವಿಯ ಹತ್ತಿರ ಕುಲುಕದೆ ಕೊಳ್ಳದವನು ನಾನು. ಒಂದೊಂದೇ ಬದನೆಕಾಯಿ ತಿರುವಿ ನೋಡಿ ಕಲ್ಯಾಣದ ಮಾರ್ಕೆಟ್ಟಿನವರಿಂದ ಬೈಸಿಕೊಂಡವನು. ಅಂಥವನು ತಮ್ಮಲ್ಲಿ ಏನನ್ನು ಪರೀಕ್ಷಿಸಿದೆ ಎಂಬುದನ್ನು ಕೇಳಬೇಕು. ಕಲ್ಯಾಣದಲ್ಲಿ ಹಳೆ ಕಾರು ಮಾರುವ ಕಮಲಾಕ್ಷ ಎಂಬವರು ನನ್ನನ್ನು ಕಂಡೊಡನೆ ತುಳುವಿನಲ್ಲಿ “ಊರುಡು ಓಲು?” ಎಂದು, ಊರಲ್ಲಿ ಎಲ್ಲಿಯವರೆಂದು ವಿಚಾರಿಸಿದರು, ನಾನು ಅಲ್ಲಿಗೇ ಕರಗಿದೆ. ಬಾನೆಟ್ ಎತ್ತಬೇಕಾದ ಹೊತ್ತಿನಲ್ಲಿ ನಾವಿಬ್ಬರೂ ಸಂಬಂಧ ಹುಡುಕುತ್ತ ನಿಂತೆವು. ಅವರ ಅತ್ತಿಗೆಯ ತವರು ನನ್ನ ಸೋದರಮಾವನ ಗದ್ದೆಯ ಆಚೆ ಬದಿಗೆ ಎಂದು ಇತ್ಯರ್ಥವಾದ ಮೇಲೆ ಇಂಜಿನ್ನಿನ ಸದ್ದು ಕೇಳಿಸಿ ಎನ್ನುವುದು ಅಪಚಾರವೆನಿಸಿತು. ಆದರೂ ಬಾಯಿತಪ್ಪಿ, ತೊಂದರೆ ಏನೂ ಇಲ್ಲವಷ್ಟೆ ಎಂದುಬಿಟ್ಟೆ. “ನಮ್ಮೋರಿಗೇ ಮೋಸ ಮಾಡ್ಲಿಕ್ಕುಂಟಾ ಮಾರಾಯ್ರೆ?” ಎಂದು ಅವರು ಎದೆ ಮುಟ್ಟಿಕೊಂಡರು. ತಮ್ಮ ಡ್ಯಾಶ್‌ಬೋರ್ಡಿನಲ್ಲಿ ಕೃಷ್ಣನ ಪಟ ಬೇರೆ ಇತ್ತು. ಎರಡು ಸಾವಿರದ ಆರನೆಯ ಇಸವಿಯ ಅಕ್ಷಯ ತೃತೀಯಕ್ಕೆ ತಾವು ನಮ್ಮವರಾದಿರಿ. ತಮ್ಮ ಟಯರುಗಳನ್ನು ನಾನು ಬಗ್ಗಿ ನೋಡಿದ್ದು ಅವುಗಳ ಕೆಳಗೆ ನಿಂಬೆಹಣ್ಣು ಇಡುವಾಗ ಮಾತ್ರ.

ಜೂನಿನ ಮೊದಲ ಮಳೆಗೆ ತಮ್ಮೊಳಗಿಂದ ಕೊಳೆತ ಕೆಸರಿನ ಪರಿಮಳವೆದ್ದಿತು. ಎಡಕ್ಕೆ ತಿರುಗುವ ದೀಪ ಹಾಕಿದರೆ ಹಾರ್ನ್, ಬ್ರೇಕ್ ಒತ್ತಿದರೆ ವೈಪರ್, ಹೀಗೆ ಕೇಳದ್ದನ್ನೂ ಕೊಡುವ ಉದಾರಿಗಳು ತಾವು. ನಮ್ಮ ವಾಚ್‌ಮನ್ ತನ್ನನ್ನೇ ಕರೆಯುತ್ತಿದ್ದೇನೆಂದು ತಿಳಿದು ತಿರುವಿನಲ್ಲೆಲ್ಲ ನನಗೆ ಸಲಾಂ ಹೊಡೆಯುತ್ತಾನೆ.

ಶ್ರಾವಣದ ಒಂದು ಭಾನುವಾರ ವಾರಿಜಾ ತಂಗಿಗೆಂದು ಪತ್ರೊಡೆ ಬೇಯಿಸಿ, ಆ ದೊಡ್ಡ ಪಾತ್ರೆಯನ್ನು ಮಡಿಲಲ್ಲಿಟ್ಟುಕೊಂಡು ತಮ್ಮ ಮುಂದಿನ ಸೀಟಿನಲ್ಲಿ ಕೂತಳು. ಪಾತ್ರೆಯನ್ನೂ ಸೇರಿಸಿ ಕಟ್ಟಿಕೊಳ್ಳಬೇಕಾದ್ದರಿಂದ ಬೆಲ್ಟನ್ನು ಪೂರ್ತಿ ಎಳೆದಳು; ಯಾರೂ ಎಳೆಯದ ಆ ಕೊನೆಯ ಗೇಣಿನಲ್ಲಿ ಒಣಗಿದ ಕೆಸರಿತ್ತು. ನೆರೂಲಿನ ಅರ್ಧ ದಾರಿಯೂ ಆಗಿರಲಿಲ್ಲ, ಶೀಲ್ ಫಾಟಾದ ಕೂಡುರಸ್ತೆ ಬರುತ್ತಲೇ ತಾವು ಧ್ಯಾನಕ್ಕೆ ಕೂತಿರಿ. ನಾನು ಕೀಲಿ ತಿರುಗಿಸುತ್ತಿದ್ದಂತೆ ಅವಳು ಕಾಲಡಿಯ ಚಾಪೆ ಎತ್ತಿದಳು, ಅಲ್ಲಿ ತುಕ್ಕು. “ಇದು ಹೋದ ವರ್ಷದ ನೆರೆಯಲ್ಲಿ ಮುಳುಗಿದ್ದು. ಇನ್ನು ನಾನು ಜ್ಯೋತ್ಸ್ನಾಳನ್ನು ನೋಡಿದ ಹಾಗೇ,” ಎಂದಳು. ಪತ್ರೊಡೆ ಸಮೇತ ರಿಕ್ಷಾದಲ್ಲಿ ಮನೆಗೆ ಬಂದೆವು. ಬಾಡಿಗೆ ಗಾಡಿ ಮಾಡೋಣವೆಂದರೆ, ಬಾಗಿಲಲ್ಲಿ ಕಾರಿಟ್ಟುಕೊಂಡು ಬಾಡಿಗೆ ಗಾಡಿಯೇ ಎಂದು ಅವಳ ಹಟ.

ಆ ನೆರೆಯಲ್ಲಿ ಉಲ್ಹಾಸ ನದಿಯನ್ನೇ ಕುಡಿದು ದಕ್ಕಿಸಿಕೊಂಡ ತಮ್ಮಂಥವರು ರಸ್ತೆಯ ಮೇಲೆ ಓಡುವುದನ್ನು ಕೀಳೆಂದು ಭಾವಿಸಿದರೆ ತಪ್ಪೇನಿಲ್ಲ. ಆದ್ದರಿಂದ ರಸ್ತೆಯ ಮಾತೇ ಬೇಡ. ಇಲ್ಲಿಯವರು ಖಾಡಿ ಎನ್ನುವ ಡೊಂಬಿವಲಿಯ ಹಿನ್ನೀರಿಗೆ ತಮ್ಮನ್ನು ಇಳಿಸಿಕೊಡುತ್ತೇನೆ, ದಯವಿಟ್ಟು ಈಜಿಕೊಂಡೇ ನೆರೂಲಿಗೆ ಹೋಗಿ ಬನ್ನಿ, ವಾರಿಜಾ ಟಾಪಿನ ಮೇಲೆ ಕೂರುತ್ತಾಳೆ. ಅದೂ ಆಗದಿದ್ದರೆ ಜ್ಯೋತ್ಸ್ನಾಳ ಮನೆಯನ್ನಾದರೂ ಶೀಲ್ ಫಾಟಾದ ಈಚೆಗೆ ತರಿಸಿಕೊಡಬೇಕಾಗಿ ಪ್ರಾರ್ಥನೆ.

ತಮ್ಮನ್ನು ಇಂದಿಗೂ ಬೆನ್ನು ಬಗ್ಗಿಸಿ ತಳ್ಳುತ್ತಿರುವ
ತಮ್ಮ ವಿಶ್ವಾಸಿ,
ವಿಷ್ಣುಮೂರ್ತಿ

ತಾ.ಕ.: ಪತ್ರ ಮಡಚುವಷ್ಟರಲ್ಲಿ, ತಮ್ಮನ್ನು ಮಾರುವುದಿದೆ ಎಂದು ನಾನು ಸಂಘದಲ್ಲಿ ಹೇಳಿಟ್ಟದ್ದನ್ನು ಕೇಳಿ ಬದಲಾಪುರದ ಹೃಷೀಕೇಶ ಎಂಬವರು ಗೆಳೆಯರ ಕಾರಿನಲ್ಲಿ ಬಂದರು. ಅವರದೂ ಮೊದಲ ಪ್ರಶ್ನೆ “ಊರುಡು ಓಲು?” ವಾರಿಜಾಳ ತವರಿನ ಪಕ್ಕದ ಓಣಿಯವರಂತೆ. “ನಮ್ಮವರ ಕಾರು, ನೋಡ್ಲಿಕ್ಕೆ ಎಂತ ಉಂಟು?” ಎಂದು ಮುಂಗಡ ಕೊಡಲು ಕಿಸೆಗೆ ಕೈ ಹಾಕಿದರು. ತಮ್ಮಾಣೆ, ನಾನು ನೆರೆಯ ಸುದ್ದಿ ಎತ್ತಲಿಲ್ಲ. ವಾರಿಜಾ ಕಾಫಿಯ ತಟ್ಟೆ ಕೆಳಗಿಟ್ಟು, ಕುಂಟುತ್ತ ಬಂದು, ತಮ್ಮ ಬೆಲ್ಟನ್ನು ಕೊನೆಯವರೆಗೆ ಎಳೆದು ತೋರಿಸಿದಳು. “ನೆರೆ ನೀರಲ್ಲಿ ಮುಳುಗಿದ್ದು ಇದು. ನೀವು ನಮ್ಮೋರು, ಅದಕ್ಕೇ ಹೇಳಿದ್ದು.” ಅವರು ಕೈ ಹೊರತೆಗೆದರು, ಊಟಕ್ಕೆ ನಿಂತರು, ನೆರೂಲಿನ ಕಥೆ ಕೇಳಿದರು, ವಾಪಸು ಹೊರಟಾಗ, ಬದಲಾಪುರಕ್ಕೆ ಅದು ಸುತ್ತು ದಾರಿಯಾದರೂ, ಅವಳನ್ನು ಕೂರಿಸಿಕೊಂಡು ಹೋಗಿ ತಂಗಿಯ ಬಾಗಿಲಿಗೇ ಬಿಟ್ಟರು. ಈಗ ನಾನು ಫೋನು ಮಾಡಿದರೆ ಅವಳಿಗೆ ಪುರುಸೊತ್ತಿಲ್ಲ, ಹಿಂದಿನಿಂದ ಇಬ್ಬರೂ ನಗುವುದು ಕೇಳುತ್ತದೆ. ತಮ್ಮನ್ನು ಕೊಳ್ಳದೆ ಹೋದ ಮನುಷ್ಯ ಮಾಡಿದ ಈ ಕೆಲಸಕ್ಕೆಂದೇ, ಮಾನ್ಯರೇ, ನಾನು ತಮ್ಮನ್ನು ಕೊಂಡದ್ದು.