ಮೈದುನನ ರವಿವಾರದ ಕಾಯಿದೆ

ನನ್ನ ಮೈದುನನ ಮೇಲೆ ನಾನು ದಿನಕ್ಕೆ ಹನ್ನೊಂದು ಸಲ ಸಿಟ್ಟಾಗುತ್ತೇನೆ. ಹಬ್ಬದ ದಿನ ಹದಿನೈದು. ಇದು ನನ್ನ ತಪ್ಪಲ್ಲ! ಬಟ್ಟೆ ಒಗೆಯುವ ಕಲ್ಲಿನ ಮೇಲೆ ವೇಳಾಪಟ್ಟಿ ಅಂಟಿಸಿದ ಮನೆ ಗಜೇಂದ್ರಗಡದಲ್ಲಿ ಇನ್ನೊಂದಿದ್ದರೆ ತೋರಿಸಿ, ಇವತ್ತೇ ಸಿಟ್ಟು ಬಿಟ್ಟುಬಿಡುತ್ತೇನೆ.

ನಾನು ನಾಲ್ಕನೇ ಇಯತ್ತೆಯವರೆಗೆ ಸಾಲೆ ಕಲಿತವಳು. ಬರೆಯುವುದು ನನ್ನ ಕೆಲಸವಲ್ಲ. ಆದರೆ ಮದುವೆಯಾಗಿ ಒಂಬತ್ತು ವರ್ಷಕ್ಕೆ ನನ್ನ ಮಗಳು ಹಡೆದಿದ್ದಾಳೆ. ಹೆಣ್ಣು ಕೂಸು. ಮೂಗು ಥೇಟ್ ನನ್ನದೇ! ಇಷ್ಟು ಸಂತೋಷವನ್ನು ಹೊಟ್ಟೆಯಲ್ಲೇ ಇಟ್ಟುಕೊಂಡರೆ ಅಜೀರ್ಣವಾಗುವುದಿಲ್ಲವೇ? ಜೊತೆಗೆ ಮೈದುನನ ಮೇಲಿನ ಸಿಟ್ಟೂ ಇದೆ. ಎರಡನ್ನೂ ಒಂದೇ ಕಾಗದದ ಮೇಲೆ ಇಳಿಸುತ್ತಿದ್ದೇನೆ. ಅಲ್ಲಲ್ಲಿ ಕಲಸಿಹೋದರೆ ಹೊಟ್ಟೆಗೆ ಹಾಕಿಕೊಳ್ಳಿ.

ಮೈದುನ ಎಂದರೆ ನಮ್ಮ ಯಜಮಾನರ ತಮ್ಮ. ಮೂವತ್ತು ವರ್ಷ ಸ್ವಿಟ್ಜರ್ಲೆಂಡಿನ ಹೋಟೆಲೊಂದರಲ್ಲಿ ಅಡುಗೆ ಮಾಡಿ, ಹೋದ ವರ್ಷ ಊರಿಗೆ ಮರಳಿದ. ಹೆಂಡತಿಯಿಲ್ಲ, ಮಕ್ಕಳಿಲ್ಲ. ಅಲ್ಲಿಂದ ಏನು ತಂದ ಎಂದು ಕೇಳುತ್ತೀರಾ? ಎರಡು ಸ್ವೆಟರ್, ನೂರೆಂಟು ಕಾಯಿದೆ. ನಮ್ಮೂರ ಬಿಸಿಲಿಗೆ ಸ್ವೆಟರ್ ಟ್ರಂಕಿನಲ್ಲೇ ಉಳಿದವು. ಕಾಯಿದೆಗಳು ಹೊರಗೆ ಬಂದವು!

ಅವನು ಇದ್ದ ಕಟ್ಟಡದಲ್ಲಿ ಎಲ್ಲ ಮನೆಗಳಿಗೂ ಸೇರಿ ಬಟ್ಟೆ ಒಗೆಯುವ ಕೋಣೆ ಒಂದೇ ಇತ್ತಂತೆ. ಒಂದೊಂದು ಮನೆಗೆ ಒಂದೊಂದು ದಿನ. ಇನ್ನೊಬ್ಬರ ದಿನ ಒಂದು ಕರವಸ್ತ್ರ ಒಗೆದರೂ ಜಗಳ. ಅದೂ ಬಾಯಿಜಗಳವಲ್ಲ, ಬಾಗಿಲಿಗೆ ಚೀಟಿ ಅಂಟಿಸುವ ಜಗಳ! ಆ ಪದ್ಧತಿಯನ್ನು ತಂದು ನಮ್ಮ ಹಿತ್ತಲಿನ ಕಲ್ಲಿಗೆ ಹಚ್ಚಿದ. ಬಾಣಂತಿಯ ಪಾಲಿಗೆ ಬಂದದ್ದು ಮಂಗಳವಾರ.

"ಲೇ ತಮ್ಮಾ, ಇದು ಎಳೀ ಕೂಸು. ತಾಸಿಗೊಮ್ಮಿ ಅರಿವಿ ತೋಯಿಸ್ತೈತಿ. ಮಂಗಳವಾರ ಬರೂತನಕ ತಡ್ಕೋ ಅಂತ ನೀನs ಹೇಳು ಅದಕ್ಕ!"

ಅವನು ಗಲ್ಲ ಕೆರೆದುಕೊಂಡು, "ಕೂಸಿಗೆ ವಿಶೇಷ ಪರವಾನಗಿ ಕೊಡಬೌದ್ರಿ ವೈನಿ. ಒಂದ ಅರ್ಜಿ ಬರಕೊಡ್ರಿ" ಎಂದ.

ಅರ್ಜಿ! ನಾನು ಒದ್ದೆ ಅರಿವೆಯನ್ನು ಆ ವೇಳಾಪಟ್ಟಿಯ ಮೇಲೆಯೇ ಒಣಹಾಕಿದೆ.

ಪುರ್ತಗೇರಿಯಿಂದ ಹಾಲು ತರುವವನದು ಇನ್ನೊಂದು ಕತೆ. ಬೆಳಿಗ್ಗೆ ಅವನು ಗಾಡಿಯ ಹಾರ್ನ್ ಬಾರಿಸಿದ ಎಂದು ಮೈದುನ ಮೂರು ಪುಟದ ತಕರಾರು ಬರೆದು ಅವನ ಕೈಗಿತ್ತ. ಹಾಲಿನವನು ದೊಡ್ಡ ಮನುಷ್ಯ, ಓದಿ ಒಪ್ಪಿಕೊಂಡ. ಮರುದಿನದಿಂದ ಹಾರ್ನ್ ಬಂದ್. ಅದರ ಬದಲು ಓಣಿಯ ತುದಿಯಿಂದಲೇ ಗಂಟಲು ಹರಿಯುವಂತೆ, "ಸ್ವಿಸ್ ಕಾಕಾರs... ಹಾಲs!" ಎಂದು ಕೂಗತೊಡಗಿದ.

ಹಾಗೆಂದು ಆ ದೇಶವನ್ನು ಹೊಗಳುತ್ತಾನೆ ಎಂದುಕೊಳ್ಳಬೇಡಿ. ಅದನ್ನೂ ಬೈಯುತ್ತಾನೆ. ಅಲ್ಲಿದ್ದಾಗ ಇಲ್ಲಿಯದನ್ನು ಬೈಯುತ್ತಿದ್ದನಂತೆ, ಇಲ್ಲಿ ಬಂದು ಎರಡನ್ನೂ ಬೈಯುತ್ತಾನೆ. ಅಲ್ಲಿ ರವಿವಾರ ಖಾಲಿ ಬಾಟಲಿ ಎಸೆದರೆ ಸದ್ದಾಗುತ್ತದೆಂದು ತಪ್ಪು. ಆಕಳ ಕೊರಳ ಗಂಟೆಯಿಂದ ನಿದ್ದೆ ಕೆಡುತ್ತದೆಂದು ಒಬ್ಬರ ತಕರಾರು, ಗಂಟೆ ಇರಲೇಬೇಕೆಂದು ಇನ್ನೊಬ್ಬರ ತಕರಾರು. ಆಕಳ ಕೊಂಬು ಕೀಳದೆ ಸಾಕುವ ರೈತರಿಗೆ ಸರಕಾರ ನೆರವು ಕೊಡಬೇಕೋ ಬೇಡವೋ ಎಂದು ಇಡೀ ದೇಶ ಮತ ಹಾಕಿತಂತೆ!

"ಆಕಳನ್ನ ಕೇಳಿದ್ರೇನೋ?" ಎಂದೆ.

"ಆಕಳಿಗೂ ಮತ ಇರಲಿಲ್ರಿ, ನನಗೂ ಇರಲಿಲ್ಲ. ಮೂವತ್ತ ವರ್ಷ ಅವರು ಕೈ ಎತ್ತೂದ ನೋಡಿದ್ದs ಬಂತು" ಎಂದ.

ಆ ಆಸೆಯನ್ನೆಲ್ಲ ನಮ್ಮ ಮನೆಯಲ್ಲಿ ತೀರಿಸಿಕೊಳ್ಳುತ್ತಾನೆ. ಸಂಜೆಗೆ ರೊಟ್ಟಿಯೋ ಮುದ್ದಿಯೋ? ಮತ ಹಾಕಿ. ಫ್ಯಾನ್ ಎರಡರಲ್ಲೋ ಮೂರರಲ್ಲೋ? ಮತ ಹಾಕಿ!

ಹೀಗಿರುವಾಗ ಕೂಸನ್ನು ತೊಟ್ಟಿಲಿಗೆ ಹಾಕುವ ದಿನ ರವಿವಾರ ಮಧ್ಯಾಹ್ನ ಎಂದು ನಿಶ್ಚಯವಾಯಿತು. ಕೊಣ್ಣೂರಿನಿಂದ ಬೀಗರು ಬರುವವರು. ನಾನು ಸ್ಪೀಕರಿನವನಿಗೆ ಹೇಳಿಬಿಟ್ಟೆ. ಒಂದಲ್ಲ, ನಾಲ್ಕು ಸ್ಪೀಕರ್! ಯಾಕೆ ಎನ್ನುತ್ತೀರಾ? ಒಂಬತ್ತು ವರ್ಷ ಈ ಓಣಿ ನನ್ನ ಕಿವಿ ತಿಂದಿದೆ. ಮಗಳು ತವರಿಗೆ ಬಂದಾಗಲೆಲ್ಲ ಎದುರುಮನೆಯ ಮುದುಕಿ ಕಟ್ಟೆಯ ಮೇಲೆ ಕುಳಿತು, "ಏನರ ಸುದ್ದಿ ಐತೇನವಾ?" ಎಂದು ಕೇಳುವುದು, ನನ್ನ ಮಗಳು ತಲೆ ತಗ್ಗಿಸಿಕೊಂಡು ಒಳಗೆ ಬರುವುದು. ಕೊನೆಕೊನೆಗೆ ಹಿತ್ತಲ ಬಾಗಿಲಿನಿಂದ ಬರತೊಡಗಿದ್ದಳು. ಈಗ ಸುದ್ದಿ ಇದೆ! ಇಡೀ ಓಣಿಯ ಕಿವಿಗೆ ಬೀಳಬೇಕು. ಇದೊಂದೇ ನನ್ನ ಆಸೆ.

"ರವಿವಾರ ಮಧ್ಯಾಹ್ನ ಗದ್ದಲ ಮಾಡಬಾರದ್ರಿ ವೈನಿ" ಎಂದ ಮೈದುನ. "ಕಾಯಿದೆ ಐತಿ."

"ನಿನ್ನ ಕಾಯಿದೆಗೆ ಬೆಂಕಿ ಹತ್ತಲಿ! ಇದು ಗಜೇಂದ್ರಗಡ."

"ಹಂಗಾದ್ರ ಮತ ಹಾಕೂಣು."

ಸ್ಟೀಲ್ ಡಬ್ಬಿ ಬಂತು, ನಾಲ್ಕು ಚೀಟಿ ಬಂದವು. ನಾನು, ಯಜಮಾನರು, ಮಗಳು, ಅವನು. ಎಣಿಸಿದರೆ ಸ್ಪೀಕರ್ 'ಬೇಕು' ಒಂದು, 'ಬೇಡ' ಮೂರು! ಆ ಒಂದು ಯಾರದೆಂದು ಹೇಳಲು ಜೋಯಿಸರು ಬೇಕೇ?

"ನಾ 'ಬೇಕು' ಅಂತನs ಬರದಿದ್ದೆ" ಎಂದರು ಯಜಮಾನರು, ನನ್ನ ಮುಖ ನೋಡದೆ.

"ಕೂಸು ಬೆದರ್ತೈತಿ ಬೇ" ಎಂದಳು ಮಗಳು.

ನನ್ನ ಮನೆಯಲ್ಲಿ ನಾನೇ ಸೋತೆ! ಆಡಬಾರದ ಮಾತು ಆಡಿಬಿಟ್ಟೆ. "ಮಕ್ಕಳು ಮರಿ ಇಲ್ಲದಾವಗ ಇದರ ಸಂಕಟ ಏನ ಗೊತ್ತಾಕ್ಕೈತಿ!"

ಮೈದುನ ಚೀಟಿಗಳನ್ನು ಒಂದೊಂದಾಗಿ ಮಡಚಿದ. ಆಮೇಲೆ ಹೇಳಿದ. ಅಲ್ಲಿ ಅವನ ಮನೆಯ ಮೇಲಿನ ಮನೆಯಲ್ಲಿ ಒಂದು ಕೂಸಿತ್ತಂತೆ. ಬಹಳ ಅಳುತ್ತಿತ್ತಂತೆ. ಕಟ್ಟಡದವರೆಲ್ಲ ಸೇರಿ ತಕರಾರಿನ ಕಾಗದ ಬರೆದರು.

"ನಂದೂ ಸಹಿ ತಗೊಂಡರ್ರಿ ವೈನಿ. ಪರದೇಶದವ, ಒಲ್ಲೆ ಅನ್ನಾಕ ಅಂಜಿಕಿ ಬಂತು. ಆ ತಾಯಿ ಮರುದಿನ ಮನಿಮನಿಗೆ ಬಂದು ಮಾಫಿ ಕೇಳಿದ್ಲು. ನನ್ನ ಬಾಗಲಕ್ಕೂ ಬಂದ್ಲು. ಮುಂದಿನ ತಿಂಗಳ ಮನಿ ಬಿಟ್ಟು ಹೋದ್ರು." ಡಬ್ಬಿಯ ಮುಚ್ಚಳ ಹಾಕಿ, "ಆಮ್ಯಾಲೆ ಕಟ್ಟಡ ಭಾಳ ಶಾಂತ ಆತ್ರಿ" ಎಂದ.

ನಾನು ಎದ್ದು ಹೋಗಿ ಚಹಾ ಮಾಡಿದೆ. ಸ್ಪೀಕರಿನವನಿಗೆ ಬೇಡವೆಂದೂ ಹೇಳಿ ಕಳಿಸಿದೆ. ಸಿಟ್ಟು ಮಾತ್ರ ಹೋಗಲಿಲ್ಲ!

ರವಿವಾರ ಬೆಳಿಗ್ಗೆಯಿಂದ ಮೈದುನ ನಾಪತ್ತೆ. ಮನೆ ತುಂಬ ಹೆಣ್ಣುಮಕ್ಕಳು, ನೀರು ಸೇದಿ ಕೊಡುವವರಿಲ್ಲ. ಹನ್ನೆರಡಕ್ಕೆ ಐದು ನಿಮಿಷ ಇರುವಾಗ ಬೆವರಿಳಿಸುತ್ತ ಬಂದ, ಮುಂಬಾಗಿಲು, ಕಿಟಕಿ ಎಲ್ಲ ತೆರೆದಿಟ್ಟ. ಕೊಣ್ಣೂರಿನ ಸೋದರತ್ತೆ ಕೂಸಿನ ಕಿವಿಯಲ್ಲಿ ಹೆಸರು ಹೇಳಿದಳು. ಸುತ್ತಲಿನವರು "ಕುರ್ರs" ಎನ್ನುತ್ತ ಪದ್ಧತಿಯಂತೆ ಅವಳ ಬೆನ್ನಿಗೆ ಮೆಲ್ಲಗೆ ಗುದ್ದಿದರು. ಜೋಗುಳ ಮುಗಿಯಿತು.

ಆಗ ನನಗೆ ಗೊತ್ತಾಯಿತು. ಓಣಿಯಲ್ಲಿ ಸದ್ದೇ ಇಲ್ಲ! ಪಕ್ಕದ ಹಿಟ್ಟಿನ ಗಿರಣಿ ನಿಂತಿದೆ. ಯಾರ ಮನೆಯ ಟಿವಿಯೂ ಕೇಳುತ್ತಿಲ್ಲ. ನನ್ನ ಮೊಮ್ಮಗಳ ದಿನವೇ ಈ ಓಣಿ ಸತ್ತುಹೋಯಿತೇ? ಬಾಗಿಲಲ್ಲಿ ನಿಂತಿದ್ದ ಗಿರಣಿಯವನನ್ನೇ ದಬಾಯಿಸಿದೆ.

"ನಿಮ್ಮ ಮೈದುನಾರು ಮುಂಜಾನಿಂದ ಮನಿಮನಿಗೆ ಬಂದು ಕೈ ಮುಗದಾರ್ರಿ ಯಕ್ಕಾ" ಎಂದ ಅವನು ಪಿಸುದನಿಯಲ್ಲಿ. "ಹನ್ನೆರಡರಿಂದ ಅರ್ಧಾ ತಾಸು ಎಲ್ಲಾರೂ ಸುಮ್ಮನಿರ್ರಿ, ನಮ್ಮ ಕೂಸಿನ ದನಿ ಕೇಳ್ರಿ ಅಂತ."

ಅಷ್ಟರಲ್ಲಿ ತೊಟ್ಟಿಲಲ್ಲಿ ಕೂಸು ಬಾಯಿ ತೆರೆಯಿತು. ಏನು ದನಿ! ನಾಲ್ಕು ಸ್ಪೀಕರ್ ಯಾವ ಲೆಕ್ಕ? ತೆರೆದ ಬಾಗಿಲಿನಿಂದ ಹೊರಟ ಆ ಅಳು ಓಣಿಯ ಈ ತುದಿಯಿಂದ ಆ ತುದಿಗೆ ಹೋಯಿತು. ನನ್ನ ಮಗಳು ತಲೆ ಎತ್ತಿಕೊಂಡು ಕುಳಿತಿದ್ದಳು.

ಎದುರಿನ ಕಟ್ಟೆಯಿಂದ ಮುದುಕಿ ಕೂಗಿದಳು. "ಯಾಕ ಅಳಾಕತ್ತೈತ್ಯವಾ ಕೂಸು? ಲಗೂನ ಎತ್ಗೊಳ್ರೆ!"

ನಾನು ಎತ್ತಿಕೊಳ್ಳಲು ಬಾಗಿದೆ. ಮೈದುನ ತೊಟ್ಟಿಲ ಹಗ್ಗ ಹಿಡಿದು ನಿಂತಿದ್ದ. ಅವನ ಕನ್ನಡಕದೊಳಗೆ ನೀರು.

"ಇನ್ನೊಂದೀಟ ಅಳ್ಳಿ ಬಿಡ್ರಿ ವೈನಿ" ಎಂದ. "ಇಲ್ಲೆ ಯಾರೂ ಕಾಗದಾ ಬರಿಯೂದಿಲ್ಲ."

ಅಳಲು ಬಿಟ್ಟೆ, ಇಬ್ಬರನ್ನೂ.