ಎದುರು ಬದಿಯ ಗಾಸ್ಪಾರ್

ಸಂವಾದಕ್ಕೆ ಎರಡು ಪಕ್ಷಗಳು ಬೇಕು ಎಂಬುದು ಯುರೋಪಿನಲ್ಲಿ ಇತ್ಯರ್ಥವಾಗಿರುವ ಸಂಗತಿ. ಮೇಜಿನ ಒಂದು ಬದಿಗೆ ಕಾರ್ಮಿಕರು, ಇನ್ನೊಂದು ಬದಿಗೆ ಮಾಲೀಕರು ಕೂರಬೇಕು. ಇಬ್ಬರೂ ಸಹಿ ಹಾಕಿದ ಒಪ್ಪಂದ ಮುಂದೆ ಕಾನೂನಾಗಬಹುದು. ಒಂದು ಬದಿ ಸತತ ಮೂರು ಸಭೆಗಳಲ್ಲಿ ಖಾಲಿ ಉಳಿದರೆ ಸಮಿತಿಯನ್ನು ಮುಚ್ಚಿ, ಮೇಜನ್ನು ಬೇರೆ ಉದ್ಯಮದವರಿಗೆ ಕೊಡಲಾಗುತ್ತದೆ.

ಬಟ್ಟೆ ತೊಳೆಯುವ ಕಾರ್ಖಾನೆಗಳ ಸಮಿತಿಯಲ್ಲಿ ಅಂಥ ಎರಡು ಸಭೆಗಳು ಆಗಲೇ ಮುಗಿದಿದ್ದವು. ಮಾಲೀಕರ ಒಕ್ಕೂಟದ ಏಕೈಕ ಪದಾಧಿಕಾರಿ ನಿವೃತ್ತನಾಗಿ ಪೋರ್ಚುಗಲ್‌ನ ಕಡಲ ತೀರ ಸೇರಿದ್ದ. ಅವನ ಜಾಗಕ್ಕೆ ಮಾಲೀಕರು ಯಾರನ್ನೂ ಕಳಿಸಲಿಲ್ಲ. ಮಾತುಕತೆಗೇ ಹೋಗದಿದ್ದರೆ ಒಪ್ಪಿಬಿಡುವ ಅಪಾಯವೂ ಇಲ್ಲವೆಂದು ಅವರಿಗೆ ಗೊತ್ತಿತ್ತು.

ಇದರಿಂದ ನಿದ್ದೆಗೆಟ್ಟವನು ಗಾಸ್ಪಾರ್. ಶಾರ್ಲರುವಾ ಎಂಬ ಊರಿನ ಅಂಥದೊಂದು ಕಾರ್ಖಾನೆಯಲ್ಲಿ ಅವನು ವರ್ಷಗಟ್ಟಲೆ ಹೋಟೆಲುಗಳ ಹಾಸುಬಟ್ಟೆಗೆ ಇಸ್ತ್ರಿ ಹಾಕಿದ್ದ. ಕಳೆದ ಚಳಿಗಾಲದಲ್ಲಿ ಕೆಲಸ ಹೋಗಿತ್ತು. ಹೆಂಡತಿ ಓಡಿಲ್ ಈಗಲೂ ಅಲ್ಲೇ ಇದ್ದಳು. ಪಾಳಿಯುದ್ದಕ್ಕೂ ಆವಿ ಯಂತ್ರದ ಮುಂದೆ ನಿಂತು ನಿಂತು ಅವಳ ಕಾಲಿನ ನರಗಳು ಉಬ್ಬಿದ್ದವು. ಸಂಜೆ ಅವಳು ಬೂಟು ಬಿಚ್ಚುವುದನ್ನು ನೋಡಲಾರದೆ ಗಾಸ್ಪಾರ್ ಒಲೆಯ ಕಡೆ ತಿರುಗಿ ಆಲೂಗಡ್ಡೆ ಸುಲಿಯುತ್ತಿದ್ದ. ಸಮಿತಿಯ ಮುಂದಿದ್ದ ಬೇಡಿಕೆ ಒಂದೇ: ಎರಡು ಗಂಟೆಗೊಮ್ಮೆ ಹತ್ತು ನಿಮಿಷ ಕೂರುವ ಹಕ್ಕು.

ಮೂರನೆಯ ಸಭೆಗೆ ಮುಂಚೆ ಕಾರ್ಮಿಕ ಸಂಘದ ಕಾರ್ಯದರ್ಶಿ ಲೀವೆ ಬ್ರಸೆಲ್ಸ್‌ನಿಂದ ಫೋನ್ ಮಾಡಿದಳು.

"ಗಾಸ್ಪಾರ್, ನಿನ್ನ ಹತ್ರ ಕಪ್ಪು ಕೋಟು ಇದೆಯಾ?"

"ಇದೆ ಮೇಡಂ. ಅಪ್ಪ ತೀರಿಕೊಂಡಾಗ ಹೊಲಿಸಿದ್ದು."

"ಸರಿಹೋಯ್ತು. ಗುರುವಾರ ನೀನು ಮಾಲೀಕ."

"ಯಾವುದರ ಮಾಲೀಕ?"

"ಅದೆಲ್ಲ ಯಾರು ಕೇಳ್ತಾರೆ? ಎದುರು ಬದಿಯಲ್ಲಿ ಕೂತ್ಕೋ. ನಾನು ಹತ್ತು ನಿಮಿಷ ಕೇಳ್ತೀನಿ. ನೀನು 'ಆಗಲಿ' ಅನ್ನು, ಸಹಿ ಹಾಕು. ಊಟ ಸಂಘದ್ದೇ."

ಗುರುವಾರ ಬೆಳಿಗ್ಗೆ ಓಡಿಲ್ ಕೋಟಿಗೆ ಗೆರೆ ಬೀಳುವಂತೆ ಇಸ್ತ್ರಿ ಹಾಕಿಕೊಟ್ಟಳು. "ಬೇಗ ಆಗಲಿ ಅಂದುಬಿಡು. ಊಟದ ಆಸೆಗೆ ಎಳೀಬೇಡ," ಎಂದಳು.

ಸಂವಾದ ಕಚೇರಿಯ ಅಧಿಕಾರಿ ಕಾರೆಲ್ ನಿಯಮದ ಮನುಷ್ಯ. ಸಭೆಗೆ ಮೊದಲು ಅವನು ಗಾಸ್ಪಾರನ ಅರ್ಹತೆಯನ್ನು ಪರಿಶೀಲಿಸಿದ.

"ನಿಮ್ಮ ಸ್ವಂತದ ತೊಳೆಯುವ ಯಂತ್ರ ಇದೆಯೇ?"

"ಮನೇಲಿ ಒಂದಿದೆ."

"ಅದರಲ್ಲಿ ಬೇರೆಯವರ ಬಟ್ಟೆ ತೊಳೆಯುತ್ತೀರಾ?"

"ಅತ್ತೆಯ ಪರದೆ."

"ಅತ್ತೆ ಬೇರೆ ಮನೆಯಲ್ಲಿದ್ದಾರೆಯೇ?"

"ದೇವರ ದಯೆ, ಹೌದು."

"ಹಾಗಾದರೆ ನೀವು ಉದ್ಯಮದ ಪ್ರತಿನಿಧಿ," ಎಂದು ಕಾರೆಲ್ ಎದುರು ಬದಿಯ ಕುರ್ಚಿ ತೋರಿಸಿದ.

ಲೀವೆ ಸಂಘದ ನಿಲುವನ್ನು ಓದಿದಳು. "ಯುರೋಪಿನ ಆರ್ಥಿಕ ನೀತಿಗೆ ಮಾರುಕಟ್ಟೆ ಕಾಣುತ್ತದೆ, ಅದನ್ನು ಹೊತ್ತು ನಿಂತವರ ಕಾಲು ಕಾಣುವುದಿಲ್ಲ. ಸ್ಪರ್ಧೆ, ಮಿತವ್ಯಯ, ಸರಳೀಕರಣ ಎನ್ನುತ್ತಾ ನೀವು ನಮ್ಮ ಹಕ್ಕುಗಳನ್ನು ಒಂದೊಂದಾಗಿ ಮಡಚಿಡುತ್ತಿದ್ದೀರಿ!"

ಗಾಸ್ಪಾರನ ಕಣ್ಣು ತುಂಬಿ ಬಂತು. "ಆಗಲಿ," ಎಂದ.

ಕಾರೆಲ್ ಪೆನ್ನು ಕೆಳಗಿಟ್ಟ. "ಕ್ಷಮಿಸಿ. ಮಾಲೀಕರು ಒಮ್ಮೆಯಾದರೂ ಕಳವಳ ವ್ಯಕ್ತಪಡಿಸದೆ ಒಪ್ಪುವಂತಿಲ್ಲ. ಹಾಗೆ ಒಪ್ಪಿದರೆ ಅದು ಸಂವಾದವಾಗುವುದಿಲ್ಲ, ಸಹಮತವಾಗುತ್ತದೆ. ಸಹಮತ ಬೇರೆ ಇಲಾಖೆಗೆ ಸೇರಿದ್ದು."

'ಏನಾದ್ರೂ ಹೇಳೋ' ಎಂದು ಲೀವೆ ಕಣ್ಸನ್ನೆ ಮಾಡಿದಳು. ಗಾಸ್ಪಾರನಿಗೆ ಕಾರ್ಖಾನೆಯ ಮೇಸ್ತ್ರಿ ದಿನಾ ಅನ್ನುತ್ತಿದ್ದ ಮಾತು ನೆನಪಾಯಿತು.

"ಕೂತೋರು ಮತ್ತೆ ಏಳ್ತಾರೆ ಅಂತ ಏನು ಗ್ಯಾರಂಟಿ?"

ಸಭೆ ಗಂಭೀರವಾಯಿತು. ಕಾರೆಲ್ ಸಂತೋಷದಿಂದ ಬರೆದುಕೊಂಡ.

"ಇದರ ಬಗ್ಗೆ ಒಂದು ಅಧ್ಯಯನ ಆಗಬೇಕು," ಎಂದಿತು ಗಾಸ್ಪಾರನ ಬಾಯಿ. ಅವನಿಗೇ ಆಶ್ಚರ್ಯವಾಯಿತು.

ಬಿಡುವಿನಲ್ಲಿ ಕಾಫಿ ಮೊದಲು ಅವನಿಗೆ ಬಂತು, ಜೊತೆಗೆ ಬಿಸಿ ದೋಸೆಯಂಥ ವಾಫಲ್. ಸಂಘದ ಸಭೆಗಳಲ್ಲಿ ಅವನು ಯಾವತ್ತೂ ಫ್ಲಾಸ್ಕಿನಿಂದ ತಾನೇ ಬಗ್ಗಿಸಿಕೊಂಡವನು. ಲೀವೆ ಅವನನ್ನು ಮೂಲೆಗೆಳೆದಳು.

"ಕಳವಳ ಪಟ್ಟಾಯ್ತಲ್ಲ, ಈಗ ಸಹಿ ಹಾಕು."

"ನನ್ನ ಸದಸ್ಯರನ್ನ ಒಂದು ಮಾತು ಕೇಳ್ಬೇಕು ಮೇಡಂ."

"ನಿನಗೆಲ್ಲಿದ್ದಾರಯ್ಯಾ ಸದಸ್ಯರು?"

"ಅದಕ್ಕೇ ಸ್ವಲ್ಪ ಟೈಮ್ ಬೇಕು."

ಸದಸ್ಯರು ತಾವಾಗಿ ಬಂದರು. ಕೂರುವ ಹಕ್ಕನ್ನು ಒಬ್ಬ ಮಾಲೀಕ ಒಂಟಿಯಾಗಿ ತಡೆದು ನಿಲ್ಲಿಸಿದ್ದಾನೆಂಬ ಸುದ್ದಿ ಹರಡಿ, ನಿಜವಾದ ಮಾಲೀಕರು ಒಕ್ಕೂಟಕ್ಕೆ ಮತ್ತೆ ಜೀವ ಕೊಟ್ಟು ಗಾಸ್ಪಾರನನ್ನು ಅಧ್ಯಕ್ಷನನ್ನಾಗಿ ಆರಿಸಿದರು. ಅವನನ್ನು ಕೆಲಸದಿಂದ ತೆಗೆದಿದ್ದ ಮಾಲೀಕನೇ ಹೆಸರು ಸೂಚಿಸಿದ. ಎಲ್ಲರೂ ಕೂತರೆ ಬ್ರಸೆಲ್ಸ್‌ನ ಹಾಸಿಗೆಗಳ ಬಟ್ಟೆ ಒಗೆಯಲು ಏಷ್ಯಾಕ್ಕೆ ಹೋಗುತ್ತದೆ ಎಂದು ಮುಂದಿನ ಸಭೆಯಲ್ಲಿ ಗಾಸ್ಪಾರ್ ಎಚ್ಚರಿಸಿದ. ಮಲಗುವ ಹೊತ್ತಿಗೆ ಅದು ಹೇಗೆ ವಾಪಸು ಬರುತ್ತದೆಂದು ಯಾರೂ ಕೇಳಲಿಲ್ಲ.

ಮನೆಯಲ್ಲಿ ಮಾತ್ರ ಪ್ರಶ್ನೆಗಳಿದ್ದವು.

"ಒಪ್ಪಿದ್ಯಾ?" ಓಡಿಲ್ ಕೇಳಿದಳು.

"ಅಧ್ಯಯನ ನಡೀತಿದೆ."

"ನನ್ನ ಕಾಲು ಇಲ್ಲೇ ಇದೆ. ಇದನ್ನೇ ಅಧ್ಯಯನ ಮಾಡು."

"ಒಬ್ಬರ ಕಾಲು ಇಡೀ ಯುರೋಪ್ ಆಗಲ್ಲ ಓಡಿಲ್."

ಓಡಿಲ್ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. "ಆ ಕೋಟಿಗೆ ಇನ್ಮೇಲೆ ನಾನು ಇಸ್ತ್ರಿ ಹಾಕಲ್ಲ. ಮುಷ್ಕರ!"

ಸಂಘ ಈ ಮುಷ್ಕರಕ್ಕೆ ಪೂರ್ಣ ಬೆಂಬಲ ಘೋಷಿಸಿ ಅವರ ಅಡುಗೆಮನೆಯ ಕಿಟಕಿಗೆ ಕೆಂಪು ಬಾವುಟ ಕಟ್ಟಿಸಿತು. ಲೀವೆ ಆಗಲೇ ಕೋಪ ಮರೆತಿದ್ದಳು. ಅವಳಿಗೆ ಎಷ್ಟೋ ವರ್ಷಗಳ ನಂತರ ಗಟ್ಟಿ ಎದುರಾಳಿ ಸಿಕ್ಕಿದ್ದ. ಅವನ ಮುಖವಿದ್ದ ಭಿತ್ತಿಪತ್ರ ನೋಡಿ ಹೊಸಬರು ಸಂಘ ಸೇರುತ್ತಿದ್ದರು. "ಗಾಸ್ಪಾರ್, ದಯವಿಟ್ಟು ಈಗ ಒಪ್ಪಬೇಡ," ಎಂದು ಫೋನಿನಲ್ಲಿ ಬೇಡಿಕೊಂಡಳು. ಕಾರೆಲ್‌ನ ಕಚೇರಿ ಈ ಸಮಿತಿಯನ್ನು ಮಾದರಿ ಸಂವಾದವೆಂದು ಸಾರಿತು. ಅಧ್ಯಯನಕ್ಕೆ ತಜ್ಞರನ್ನು ಆರಿಸಲು ಇನ್ನೊಂದು ಅಧ್ಯಯನಕ್ಕೆ ಮಂಜೂರಾತಿ ಸಿಕ್ಕಿತು.

ಮುಂದಿನ ಸಭೆಯ ಬೆಳಿಗ್ಗೆ ಗಾಸ್ಪಾರ್ ತಾನೇ ಕೋಟಿಗೆ ಇಸ್ತ್ರಿ ಹಾಕಲು ನಿಂತ. ಕೈಗೆ ರೂಢಿ ತಪ್ಪಿತ್ತು, ಗೆರೆ ಸೊಟ್ಟಗೆ ಬಿತ್ತು, ಮತ್ತೆ ನೀರು ಚಿಮುಕಿಸಿದ. ಸೊಂಟ ಹಿಡಿಯಿತು, ಮೀನಖಂಡ ಸೆಳೆಯಿತು. ಕಿಟಕಿಯ ಬಳಿ, ಬಾವುಟದ ನೆರಳಲ್ಲಿ, ಓಡಿಲ್ ಬಿಸಿನೀರಿನ ಬೋಗುಣಿಯಲ್ಲಿ ಕಾಲಿಟ್ಟುಕೊಂಡು ಕೂತಿದ್ದಳು. ಅವನ ಮುಖ ನೋಡಿ, ಪಕ್ಕದ ಕುರ್ಚಿಯನ್ನು ಅವನತ್ತ ತಳ್ಳಿದಳು.

"ಒಂದ್ ಹತ್ತು ನಿಮಿಷ ಕೂತ್ಕೋ, ಪಾಪ."

ಗಾಸ್ಪಾರ್ ಕುರ್ಚಿಯನ್ನು ನೋಡಿದ. ಕೂತರೆ ಏಳುತ್ತೇನೆಂಬ ಗ್ಯಾರಂಟಿ ಅವನಿಗೂ ಇರಲಿಲ್ಲ.

"ವರದಿ ಬರಲಿ," ಎಂದು ನಿಂತೇ ಇಸ್ತ್ರಿ ಮುಂದುವರಿಸಿದ.

ಓಡಿಲ್‌ಗೂ ಅದು ಸರಿಯೆನಿಸಿತು. ಕುರ್ಚಿಯನ್ನು ವಾಪಸು ಎಳೆದುಕೊಂಡು, ಕಾಲು ಒರೆಸಿ, ಅದರ ಮೇಲೆ ಚಾಚಿದಳು.